ಸ್ತರಭಂಗದ ಸರಿತ-ದರ: ನೆಲರೂಪಗಳು ಹೇಳುವ ಲೆಕ್ಕ

ನೆಲದೊಳಗಿನ ಬಿರುಕೊಂದರ ಎರಡೂ ಬದಿಯ ಬಂಡೆಗಳು ಪರಸ್ಪರ ಸರಿದಿದ್ದರೆ ಅದು ಸ್ತರಭಂಗ. ಸರಿತ ಮೇಲಕ್ಕೋ ಕೆಳಕ್ಕೋ ಆಗದೆ ಬಿರುಕಿನ ಉದ್ದಕ್ಕೇ ಆಗಿದ್ದರೆ ಅದನ್ನು ಅಡ್ಡಸರಿತದ ಸ್ತರಭಂಗ ಎನ್ನಬಹುದು. ಒಂದು ದಂಡೆಯಲ್ಲಿ ನಿಂತು ಆಚೆ ನೋಡಿದಾಗ ಎದುರು ದಂಡೆ ಬಲಕ್ಕೆ ಹೋಗಿದ್ದರೆ ಬಲಸರಿತ, ಎಡಕ್ಕೆ ಹೋಗಿದ್ದರೆ ಎಡಸರಿತ. ಯಾವ ದಂಡೆಯಲ್ಲಿ ನಿಂತು ನೋಡಿದರೂ ಉತ್ತರ ಒಂದೇ. ಇಂಥ ಸ್ತರಭಂಗ ನೂರಾರು, ಸಾವಿರಾರು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ ಎಷ್ಟು ಮಿಲಿಮೀಟರ್ ಸರಿಯುತ್ತದೆ ಎಂಬುದೇ ಅದರ ಸರಿತ-ದರ. ಲೆಕ್ಕ ಮೇಲ್ನೋಟಕ್ಕೆ ಪ್ರಾಥಮಿಕ ಶಾಲೆಯ ಭಾಗಾಕಾರ: ಒಂದು ಹಳ್ಳ ಎಷ್ಟು ಮೀಟರ್ ತುಂಡಾಗಿ ಸರಿದಿದೆ ಎಂದು ಅಳೆದು, ಆ ಹಳ್ಳಕ್ಕೆ ಎಷ್ಟು ವರ್ಷವಾಯಿತೋ ಅದರಿಂದ ಭಾಗಿಸಿದರೆ ಆಯಿತು. ಕಳೆದ ನಾಲ್ಕು ದಶಕಗಳಲ್ಲಿ ಭೂವಿಜ್ಞಾನಿಗಳು ಜಗಳವಾಡಿರುವುದು ಬಹುತೇಕ ಈ ಭಾಗಾಕಾರದ ಕೆಳಗಿನ ಸಂಖ್ಯೆಯ ಬಗ್ಗೆ.

ಸರಾಸರಿ ಎಂಬ ಮಾತನ್ನು ಗಮನದಲ್ಲಿಡಬೇಕು. ಸ್ತರಭಂಗ ವರ್ಷವರ್ಷವೂ ಸಮನಾಗಿ ಸರಿಯುವುದು ಅಪರೂಪ. ಬಹುಪಾಲು ಕಾಲ ಅದು ಬಿಗಿದುಕೊಂಡೇ ಇರುತ್ತದೆ. ಆಚೀಚಿನ ನೆಲ ಮಾತ್ರ ನಿಧಾನವಾಗಿ ಬಾಗುತ್ತಿರುತ್ತದೆ. ಕೊನೆಗೊಂದು ಭೂಕಂಪದಲ್ಲಿ ನೂರಾರು ವರ್ಷಗಳ ಬಾಕಿ ಒಮ್ಮೆಗೇ ತೀರುತ್ತದೆ. 2025ರ ಮಾರ್ಚ್ 28ರಂದು ಮ್ಯಾನ್ಮಾರ್‌ನ ಸಗಾಯಿಂಗ್ ಸ್ತರಭಂಗ 7.7ರ ತೀವ್ರತೆಯಲ್ಲಿ ಸಿಡಿದಾಗ, ಸೌರ ವಿದ್ಯುತ್ ಘಟಕವೊಂದರ ಕಣ್ಗಾವಲು ಕ್ಯಾಮೆರಾದಲ್ಲಿ ನೆಲ ಪಕ್ಕಕ್ಕೆ ಜಿಗಿದದ್ದು ನೇರವಾಗಿ ದಾಖಲಾಯಿತು. ಆ ವಿಡಿಯೊವನ್ನು ಅಳೆದವರ ಪ್ರಕಾರ ಸುಮಾರು 1.3 ಸೆಕೆಂಡಿನಲ್ಲಿ ಎರಡೂವರೆ ಮೀಟರ್ ಸರಿತ. ವರ್ಷಕ್ಕೆ ಸುಮಾರು 20 ಮಿ.ಮೀ. ದರದ ಸ್ತರಭಂಗದಲ್ಲಿ ಎರಡೂವರೆ ಮೀಟರ್ ಎಂದರೆ 125 ವರ್ಷಗಳ ಸಂಚಯ. ಸರಿತ-ದರ ಗೊತ್ತಿದ್ದರೆ ಬಾಕಿ ಎಷ್ಟಾಗಿದೆ ಎಂದು ಅಂದಾಜಿಸಬಹುದು. ಭೂಕಂಪ ಯಾವ ದಿನ ಎಂದು ಮಾತ್ರ ಹೇಳಲಾಗದು.

ಕರ್ನಾಟಕದಲ್ಲಿ ಅಡ್ಡಸರಿತದ ಮಾತೆತ್ತಿದರೆ ಮೊದಲು ನೆನಪಾಗುವುದು ಚಿತ್ರದುರ್ಗ. ಗದಗದಿಂದ ಮಂಡ್ಯದ ಕಡೆಗೆ ಸುಮಾರು 450 ಕಿ.ಮೀ. ಉದ್ದಕ್ಕೆ ಚಾಚಿರುವ, ಹಾಳೆಹಾಳೆಯಾದ ಹಳೆಯ ಬಂಡೆಗಳ ಚಿತ್ರದುರ್ಗ ಶಿಸ್ಟ್ ಪಟ್ಟಿಯ ಪೂರ್ವದ ಅಂಚಿನಲ್ಲಿ ಒಂದು ದೊಡ್ಡ ಶಿಯರ್ ವಲಯ, ಅಂದರೆ ಬಂಡೆಗಳು ಉದ್ದಕ್ಕೆ ಅರೆದು ಸರಿದ ಪಟ್ಟಿ, ಇದೆ. ಧಾರವಾಡ ಭೂಖಂಡದ ಪಶ್ಚಿಮ ಭಾಗವನ್ನು ಪೂರ್ವ ಭಾಗದಿಂದ ಬೇರ್ಪಡಿಸುವ ಗಡಿ ಇದೇ ಎಂದು ಬಹುತೇಕ ಭೂವಿಜ್ಞಾನಿಗಳು ಒಪ್ಪುತ್ತಾರೆ. ಇಲ್ಲಿ ಬಂಡೆಗಳು ನುಣ್ಣಗೆ ಅರೆದು, ಎಳೆದು, ಕಡಿದಾಗಿ ನಿಂತ ಹಾಳೆಗಳಂತಾಗಿವೆ. ಬ್ರಯನ್ ಚಾಡ್ವಿಕ್, ವಿ.ಎನ್. ವಾಸುದೇವ್ ಮತ್ತು ಜಿ.ವಿ. ಹೆಗಡೆ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ವಲಯದ ಎಡಸರಿತವನ್ನು ಎರಡು ಭೂಭಾಗಗಳು ಓರೆಯಾಗಿ ಒತ್ತಿಕೊಂಡದ್ದರ ಫಲ ಎಂದು ವಿವರಿಸಿದರು. ಹೊಳಲ್ಕೆರೆ ತಾಲ್ಲೂಕಿನ ತಾಳ್ಯದ ಉರುಟುಗಲ್ಲ ಶಿಲೆಯಲ್ಲಿ ಹಳೆಯ ಉರುಟುಗಲ್ಲುಗಳು ಚಪ್ಪಟೆಯಾಗಿ, ಉದ್ದಕ್ಕೆ ಎಳೆದಂತಾಗಿರುವುದನ್ನು ಬರಿಗಣ್ಣಿನಲ್ಲೇ ನೋಡಬಹುದು. ಐಮಂಗಲ ಸಮೀಪದ ಮರಡಿಹಳ್ಳಿಯ ದಿಂಬುಲಾವಾ, ಸಮುದ್ರದಡಿ ಉಕ್ಕಿ ಹೆಪ್ಪುಗಟ್ಟಿದ ಆ ಬಂಡೆ, ಇದೇ ಪಟ್ಟಿಗೆ ಸೇರಿದ್ದು. ಅದೀಗ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ.

ಹಾಗಾದರೆ ಚಿತ್ರದುರ್ಗ ಶಿಯರ್ ವಲಯದ ಸರಿತ-ದರ ಎಷ್ಟು? ಇಂದಿನ ನೆಲರೂಪ ನೋಡಿ ಈ ಪ್ರಶ್ನೆಗೆ ಉತ್ತರ ಹೇಳಲಾಗದು. ಈ ಪಟ್ಟಿಯ ಅಜ್ಜನಹಳ್ಳಿ, ಜಿ.ಆರ್. ಹಳ್ಳಿ ಚಿನ್ನದ ನಿಕ್ಷೇಪಗಳಲ್ಲಿ ಚಿನ್ನದ ಜೊತೆಗೇ ಬೆಳೆದ ಮಾನಜೈಟ್‌ನಂಥ ಖನಿಜಗಳ ವಯಸ್ಸು ಸುಮಾರು 252 ಕೋಟಿ ವರ್ಷ ಎಂದು 2011ರಲ್ಲಿ ಪ್ರಕಟವಾಯಿತು. ಬಿಸಿನೀರು ಚಿನ್ನ ಹೊತ್ತು ಮೇಲೇರಿದ್ದು ಇಂಥ ಬಿರುಕುಗಳ ಮೂಲಕವೇ. ಎಂದರೆ ಮುಖ್ಯ ಸರಿತ ನಡೆದದ್ದು ಆ ಕಾಲದ ಆಸುಪಾಸಿನಲ್ಲಿ. ಅದೂ ನೆಲದ ಮೇಲಲ್ಲ, ಹಲವು ಕಿಲೋಮೀಟರ್ ಆಳದಲ್ಲಿ, ಬಂಡೆ ಮುರಿಯದೆ ಹರಿಯುವಷ್ಟು ಬಿಸಿಯಲ್ಲಿ. ಮೇಲಿದ್ದ ಅಷ್ಟೂ ಬಂಡೆ ಸವೆದುಹೋಗಿ ಈಗ ಕಾಣುತ್ತಿರುವುದು ಆ ಸ್ತರಭಂಗದ ಬೇರು ಮಾತ್ರ. ಅಂದು ತುಂಡಾಗಿ ಸರಿದಿರಬಹುದಾದ ಹಳ್ಳ, ದಿಣ್ಣೆ, ಬೆಟ್ಟ ಯಾವುದೂ ಉಳಿದಿಲ್ಲ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಉದ್ದಕ್ಕೆ ಸಾಲಾಗಿ ನಿಂತ ಗುಡ್ಡಗಳು ಗಟ್ಟಿ ಬಂಡೆ ನಿಂತು ಮೆತ್ತನೆಯದು ಕೊರೆದುಹೋದ್ದರಿಂದ ಮೂಡಿದವು. ಗಾಳಿಯಂತ್ರಗಳು ತಿರುಗುತ್ತಿರುವ ಆ ನೇರ ಸಾಲುಗಳು ಹಳೆಯ ಸರಿತದ ದಿಕ್ಕನ್ನು ತೋರಿಸುತ್ತವೆ, ವೇಗವನ್ನಲ್ಲ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಉಪಗ್ರಹ ಚಿತ್ರದಲ್ಲಿ ಉದ್ದನೆಯ ಗೆರೆಯೊಂದು ಕಂಡೊಡನೆ ಅದನ್ನು ‘ಸಕ್ರಿಯ ಸ್ತರಭಂಗ’ ಎಂದು ನಕ್ಷೆಯಲ್ಲಿ ಕೆಂಪಾಗಿ ಬರೆಯುವ ಚಾಳಿ ಭಾರತದಲ್ಲಿ ಕಡಿಮೆಯೇನಿಲ್ಲ. ಸಕ್ರಿಯ ಎನ್ನಿಸಿಕೊಳ್ಳಲು ಸ್ತರಭಂಗ ಇತ್ತೀಚಿನ ನೆಲವನ್ನು, ಅಂದರೆ ಸಾವಿರದಿಂದ ಲಕ್ಷ ವರ್ಷದ ಮೆಕ್ಕಲನ್ನೋ ಕಲ್ಲುರಾಶಿಯನ್ನೋ, ಕತ್ತರಿಸಿರಬೇಕು. ಬಂಡೆಯನ್ನು ಕತ್ತರಿಸಿದರೆ ಸಾಲದು.

ನೆಲ ಪಕ್ಕಕ್ಕೆ ಸರಿಯುತ್ತದೆ ಎಂಬುದನ್ನು ಭೂವಿಜ್ಞಾನ ಒಪ್ಪಿಕೊಂಡದ್ದೇ ತಡವಾಗಿ. 1888ರಲ್ಲಿ ನ್ಯೂಜಿಲೆಂಡಿನ ನಾರ್ತ್ ಕ್ಯಾಂಟರ್ಬರಿಯಲ್ಲಿ ಭೂಕಂಪವಾದಾಗ ಅಲೆಕ್ಸಾಂಡರ್ ಮೆಕೇ ಎಂಬ ಭೂವಿಜ್ಞಾನಿ ಹೊಲದ ಬೇಲಿಗಳು ತುಂಡಾಗಿ ಎರಡೂವರೆ ಮೀಟರ್‌ನಷ್ಟು ಪಕ್ಕಕ್ಕೆ ಹೋಗಿರುವುದನ್ನು ಕಂಡು ಬರೆದಿಟ್ಟ. ನಾಲ್ಕು ವರ್ಷಗಳ ನಂತರ, 1892ರ ಡಿಸೆಂಬರ್ 20ರಂದು, ಆಗಿನ ಬ್ರಿಟಿಷ್ ಭಾರತದ ಬಲೂಚಿಸ್ತಾನದಲ್ಲಿ ಚಮನ್ ಸ್ತರಭಂಗ ಸರಿದು ರೈಲು ಹಳಿಗಳು ಸೊಟ್ಟಗಾದವು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಗ್ರೀಸ್‌ಬಾಕ್ ಅದನ್ನು ಮರುವರ್ಷ ದಾಖಲಿಸಿದರು. 1906ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊ ನಡುಗಿದಾಗ ಸ್ಯಾನ್ ಆಂಡ್ರಿಯಸ್ ಸ್ತರಭಂಗದ ಮೇಲಿನ ಬೇಲಿ, ರಸ್ತೆಗಳು ಹಲವು ಮೀಟರ್ ಸರಿದದ್ದನ್ನು ಅಳೆದು ಹ್ಯಾರಿ ಫೀಲ್ಡಿಂಗ್ ರೀಡ್ 1910ರಲ್ಲಿ ತನ್ನ ಸಿದ್ಧಾಂತ ಮಂಡಿಸಿದ: ನೆಲ ಬಾಗುತ್ತ ಬಾಗುತ್ತ ಹೋಗಿ, ಮಿತಿ ಮೀರಿದಾಗ ಸ್ತರಭಂಗ ಜಾರಿ ನೆಟ್ಟಗಾಗುತ್ತದೆ. ಇಂದಿಗೂ ಇದೇ ಅಡಿಪಾಯ.

ಒಂದು ಭೂಕಂಪದ ಸರಿತವನ್ನು ಬೇಲಿ ಹೇಳುತ್ತದೆ. ನೂರು ಭೂಕಂಪಗಳದ್ದನ್ನು ಹೇಳಲು ಹಳ್ಳಗಳೇ ಬೇಕು. ಅಡ್ಡಸರಿತದ ಸ್ತರಭಂಗ ಹಾದುಹೋಗುವ ಕಡೆ ನೆಲಕ್ಕೆ ತನ್ನದೇ ಚಹರೆ ಬರುತ್ತದೆ. ಬಿರುಕಿನ ಗುಂಟ ಬಂಡೆ ಪುಡಿಯಾಗಿ ನೇರವಾದ ತಗ್ಗು ಮೂಡುತ್ತದೆ. ಎರಡು ಎಳೆಗಳ ನಡುವೆ ನೆಲ ಕುಸಿದ ಕಡೆ ನೀರು ನಿಂತು ಹೊಂಡವಾಗುತ್ತದೆ. ಒತ್ತಿಕೊಂಡ ಕಡೆ ಉದ್ದನೆಯ ದಿಣ್ಣೆ ಏಳುತ್ತದೆ. ಪಕ್ಕದಿಂದ ಸರಿದುಬಂದ ದಿಣ್ಣೆಯೊಂದು ಹಳ್ಳದ ಬಾಯಿಗೇ ಅಡ್ಡ ನಿಂತು ಅದನ್ನು ಸುತ್ತಿ ಹರಿಯುವಂತೆ ಮಾಡುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಸ್ತರಭಂಗ ದಾಟುವ ಹಳ್ಳ ಆ ಗೆರೆಗೆ ಬಂದೊಡನೆ ಪಕ್ಕಕ್ಕೆ ತಿರುಗಿ, ಗೆರೆಯ ಗುಂಟ ಸ್ವಲ್ಪ ದೂರ ಹರಿದು, ಮತ್ತೆ ತನ್ನ ದಾರಿ ಹಿಡಿಯುತ್ತದೆ. ಆ ತಿರುವಿನ ಉದ್ದವೇ ಭಾಗಾಕಾರದ ಮೇಲಿನ ಸಂಖ್ಯೆ. ಸರಿತ ಇನ್ನೂ ಹೆಚ್ಚಾದರೆ ಮಳೆಗಾಲದ ಪ್ರವಾಹ ದಡ ಒಡೆದು ನೇರ ದಾರಿ ಹಿಡಿಯುತ್ತದೆ. ಹಳೆಯ ಕಾಲುವೆಯ ಕೆಳತುದಿ ನೀರಿಲ್ಲದೆ, ತಲೆಯಿಲ್ಲದ ಕೊರಕಲಾಗಿ ದೂರದಲ್ಲಿ ಉಳಿಯುತ್ತದೆ.

ಇದೆಲ್ಲವೂ ಒಂದೇ ಜಾಗದಲ್ಲಿ ಅಚ್ಚುಕಟ್ಟಾಗಿ ಕಾಣುವುದು ಕ್ಯಾಲಿಫೋರ್ನಿಯಾದ ಕ್ಯಾರಿಜೊ ಬಯಲಿನ ವಾಲೇಸ್ ಕ್ರೀಕ್‌ನಲ್ಲಿ. ಅಮೆರಿಕದ ಭೂಸರ್ವೇಕ್ಷಣೆಯ ರಾಬರ್ಟ್ ವಾಲೇಸ್‌ನ ಹೆಸರನ್ನೇ ಹೊತ್ತ ಈ ಒಣ ಹಳ್ಳ ಸ್ಯಾನ್ ಆಂಡ್ರಿಯಸ್ ದಾಟುವಲ್ಲಿ 128 ಮೀಟರ್ ಬಲಕ್ಕೆ ಸರಿದಿದೆ. ಕೆರಿ ಸೀ ಮತ್ತು ರಿಚರ್ಡ್ ಜಾನ್ಸ್ ಇಲ್ಲಿ ಅಗೆದು, ಮೆಕ್ಕಲಿನಲ್ಲಿ ಸಿಕ್ಕ ಇದ್ದಿಲಿನ ಕಾರ್ಬನ್-14 ವಯಸ್ಸಿನಿಂದ ಹಳ್ಳ ಈಗಿನ ಪಾತ್ರ ಕೊರೆದದ್ದು ಸುಮಾರು 3,680 ವರ್ಷಗಳ ಹಿಂದೆ ಎಂದು ಕಂಡುಕೊಂಡರು. ನೇರ ಭಾಗಾಕಾರಕ್ಕೆ ವರ್ಷಕ್ಕೆ 35 ಮಿ.ಮೀ. ಹತ್ತಿರ ಬರುತ್ತದೆ, ತಿದ್ದುಪಡಿಗಳ ನಂತರ 1984ರಲ್ಲಿ ಅವರು ಪ್ರಕಟಿಸಿದ ದರ 33.9 ± 2.9 ಮಿ.ಮೀ. ಅದೇ ಜಾಗದಲ್ಲಿ 380 ಮೀಟರ್ ಆಚೆ ತಲೆಯಿಲ್ಲದ ಹಳೆಯ ಪಾತ್ರ ಬಿದ್ದಿದೆ. ಇನ್ನೂ ಹಳೆಯದಾದ, 475 ಮೀಟರ್ ಸರಿದ ಮೆಕ್ಕಲು ಹರವಿನಿಂದ 13,000 ವರ್ಷಗಳಿಗೂ ಮೀರಿದ ಸರಾಸರಿ ಸಿಕ್ಕಿತು, ಅದೂ 35.8 ಮಿ.ಮೀ. ಎರಡು ಬೇರೆ ಕಾಲಾವಧಿಗಳಿಗೆ ಉತ್ತರ ಬಹುತೇಕ ಒಂದೇ. ಈ ಶಿಸ್ತು ಇಂದಿಗೂ ವಾಲೇಸ್ ಕ್ರೀಕ್ ಹೆಸರಿನಲ್ಲಿ ಮೆರೆಯುತ್ತಿರುವುದು ಆ ಹೊಂದಾಣಿಕೆಯಿಂದ.

ಆದರೆ ಅದೇ ಬಯಲಿನಲ್ಲೇ ಎಚ್ಚರಿಕೆಯ ಪಾಠವೂ ಇದೆ. 1857ರ ಭೂಕಂಪದಲ್ಲಿ ಅಲ್ಲಿನ ಸಣ್ಣ ಕೊರಕಲುಗಳು 9.5 ಮೀಟರ್ ಸರಿದವು ಎಂದು ಸೀ ಮೊದಲು ಬರೆದಿದ್ದ. ವಿಮಾನದಿಂದ ಲೇಸರ್ ಹಾಯಿಸಿ ನೆಲದ ಏರಿಳಿತವನ್ನು ಅಂಗುಲದ ನಿಖರತೆಯಲ್ಲಿ ಚಿತ್ರಿಸುವ ಲೈಡಾರ್ ಬಂದ ಮೇಲೆ, ಓಲಾಫ್ ಜೀಲ್ಕೆ ಮತ್ತಿತರರು 2010ರಲ್ಲಿ ಅಳೆದಾಗ ಸರಾಸರಿ 5.3 ಮೀಟರ್ ಬಂತು. ಒಂದೇ ಭೂಕಂಪದ್ದೆಂದು ಎಣಿಸಿದ್ದರಲ್ಲಿ ಎರಡರ ಸರಿತ ಸೇರಿತ್ತು. ದೀರ್ಘಕಾಲದ ದರ ಬದಲಾಗದಿದ್ದರೂ ದೊಡ್ಡ ಭೂಕಂಪಗಳು ಮೊದಲು ಎಣಿಸಿದ್ದಕ್ಕಿಂತ ಸಣ್ಣ ಅಂತರದಲ್ಲಿ ಬರುತ್ತವೆ ಎಂಬ ತೀರ್ಮಾನ ಇದರಿಂದ ಹೊರಟಿತು.

ಈಗ ಕೆಳಗಿನ ಸಂಖ್ಯೆ. ಹಳ್ಳದ ವಯಸ್ಸು ಹಳ್ಳದ ಮೇಲೆ ಬರೆದಿರುವುದಿಲ್ಲ. ಮೆಕ್ಕಲಿನಲ್ಲಿ ಇದ್ದಿಲು, ಎಲೆ, ಶಂಖ ಸಿಕ್ಕರೆ ಕಾರ್ಬನ್-14 ಸುಮಾರು 50,000 ವರ್ಷದವರೆಗೆ ಕೆಲಸ ಮಾಡುತ್ತದೆ. ಮರಳಿನ ಕಣ ಕೊನೆಯ ಬಾರಿ ಬಿಸಿಲು ಕಂಡದ್ದು ಯಾವಾಗ ಎಂದು ಲೂಮಿನೆಸೆನ್ಸ್ ವಿಧಾನ ಹೇಳುತ್ತದೆ. ಹಿಮಾಲಯ, ಟಿಬೆಟ್‌ನಂಥ ಕಲ್ಲುನಾಡಿನಲ್ಲಿ ಹೆಚ್ಚು ನೆಚ್ಚಿಕೊಳ್ಳುವುದು ಬೆರಿಲಿಯಂ-10ನ್ನು. ಬೆಣಚುಕಲ್ಲು ನೆಲದ ಮೇಲೆ ತೆರೆದುಕೊಂಡಿರುವಷ್ಟು ಕಾಲ ಬಾಹ್ಯಾಕಾಶದ ಕಿರಣಗಳು ತಗುಲಿ ಅದರೊಳಗೆ ಈ ಐಸೊಟೋಪು ಕೂಡುತ್ತ ಹೋಗುತ್ತದೆ. ದೆಹಲಿಯ ಅಂತರ ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರದಲ್ಲಿರುವಂಥ ಯಂತ್ರಗಳು ಅದರ ಪರಮಾಣುಗಳನ್ನು ಎಣಿಸುತ್ತವೆ. ತೊಂದರೆ ಎಂದರೆ ಬಂಡೆ ಹಳೆ ಬಾಕಿ ಹೊತ್ತು ಬಂದ ಸಾಲಗಾರನಂತೆ ಬಂದಿರಬಹುದು: ಹಿಮನದಿ ಹೊತ್ತು ತರುವ ಮೊದಲೇ ಎಲ್ಲೋ ಬೆಟ್ಟದ ಮೇಲೆ ಸಾವಿರಾರು ವರ್ಷ ತೆರೆದುಕೊಂಡು ಬಿದ್ದಿದ್ದರೆ ವಯಸ್ಸು ಹೆಚ್ಚಾಗಿ ಕಾಣುತ್ತದೆ. ರಾಶಿಯೊಳಗೆ ಹುದುಗಿದ್ದು ಮಣ್ಣು ಸವೆದ ಮೇಲೆ ತಡವಾಗಿ ಹೊರಬಂದಿದ್ದರೆ ಕಡಿಮೆಯಾಗಿ ಕಾಣುತ್ತದೆ.

ಇನ್ನೊಂದು ಜಗಳ ನದಿಯ ಮೆಟ್ಟಿಲುಗಳದ್ದು. ನದಿ ತನ್ನ ಮೆಕ್ಕಲನ್ನು ತಾನೇ ಕೊರೆದು ಇಳಿದಾಗ ದಡದಲ್ಲಿ ಒಂದರ ಕೆಳಗೊಂದು ಸಮತಟ್ಟಾದ ಹಂತಗಳು ಉಳಿಯುತ್ತವೆ. ಎರಡು ಹಂತಗಳ ನಡುವಿನ ಕಡಿದಾದ ಅಂಚು ಸ್ತರಭಂಗದಲ್ಲಿ ತುಂಡಾಗಿ ಸರಿದಿದೆ. ಅಷ್ಟು ದೂರ ಅಳೆಯುವುದು ಸುಲಭ. ಭಾಗಿಸಬೇಕಾದ್ದು ಮೇಲಿನ ಹಂತದ ವಯಸ್ಸಿನಿಂದಲೋ ಕೆಳಗಿನದರಿಂದಲೋ? ಕೆಳ ಹಂತದಲ್ಲಿ ನದಿ ಹರಿಯುತ್ತಿದ್ದಷ್ಟೂ ಕಾಲ ಅಂಚನ್ನು ಕೊರೆದು ಸರಿತವನ್ನು ಅಳಿಸುತ್ತಿತ್ತು ಎಂದರೆ ಕೆಳಗಿನ ವಯಸ್ಸು ಸರಿ, ದರ ಹೆಚ್ಚು. ಅಂಚು ಮೊದಲಿನಿಂದಲೂ ಉಳಿದಿತ್ತು ಎಂದರೆ ಮೇಲಿನ ವಯಸ್ಸು ಸರಿ, ದರ ಕಡಿಮೆ. ಟಿಬೆಟ್‌ನ ಉತ್ತರದಂಚಿನ ಆಲ್ಟಿನ್ ಟಾಗ್ ಸ್ತರಭಂಗಕ್ಕೆ ಚೆರ್ಚೆನ್ ನದಿಯ ಮೆಟ್ಟಿಲುಗಳಿಂದ 2004ರಲ್ಲಿ ವರ್ಷಕ್ಕೆ ಸುಮಾರು 27 ಮಿ.ಮೀ. ಎಂದು ಬಂದದ್ದು ಕೆಳಗಿನ ವಯಸ್ಸಿನ ಲೆಕ್ಕ. ಎರಿಕ್ ಕೌಗಿಲ್ ಮತ್ತು ಸಂಗಡಿಗರು ಅಂಚಿನ ಆಕಾರವನ್ನೇ ಮತ್ತೆ ಓದಿ, ಮೇಲಿನ ವಯಸ್ಸು ಹೆಚ್ಚು ಸೂಕ್ತ ಎಂದು ವಾದಿಸಿದರು. ಮುಂದಿನ ಅಧ್ಯಯನಗಳು 9ರಿಂದ 14 ಮಿ.ಮೀ. ಆಸುಪಾಸಿಗೆ ಇಳಿದವು. ಜಿಪಿಎಸ್ ಅಳತೆಯೂ ಆ ಕೆಳಗಿನ ಸಂಖ್ಯೆಯ ಪಕ್ಕಕ್ಕೇ ಬರುತ್ತದೆ. ಬಹುಮಟ್ಟಿಗೆ ಓದುವ ಕ್ರಮ ಬದಲಾದದ್ದಕ್ಕೇ ಉತ್ತರ ಅರ್ಧದಷ್ಟೋ ಅದಕ್ಕಿಂತ ಕಡಿಮೆಯೋ ಆಯಿತು!

ಭಾರತದೊಳಗೆ ಈ ವಾದ ಅತ್ಯಂತ ಬಿಸಿಯಾದದ್ದು ಲಡಾಖ್ ಮೂಲಕ ಹಾಯುವ ಕಾರಕೋರಂ ಸ್ತರಭಂಗದ ಸುತ್ತ, ಮತ್ತು ಅದರಲ್ಲಿ ಬೆಂಗಳೂರಿಗೂ ಪಾತ್ರವಿದೆ. ನುಬ್ರಾ ಕಣಿವೆ, ತಂಗ್ತ್ಸೆ, ಪ್ಯಾಂಗಾಂಗ್ ಕಡೆಗೆ ವಾಯವ್ಯದಿಂದ ಆಗ್ನೇಯಕ್ಕೆ ಹರಡಿರುವ ಈ ಬಲಸರಿತದ ಸ್ತರಭಂಗ ಬೇಗ ಸರಿಯುತ್ತಿದೆ ಎಂದಾದರೆ ಟಿಬೆಟ್ ಗಟ್ಟಿ ತುಂಡಾಗಿ ಪೂರ್ವಕ್ಕೆ ಜಾರುತ್ತಿದೆ ಎಂಬ ವಾದಕ್ಕೆ ಬಲ ಬರುತ್ತದೆ. ನಿಧಾನ ಎಂದಾದರೆ ಟಿಬೆಟ್ ಎಲ್ಲೆಡೆ ಸ್ವಲ್ಪಸ್ವಲ್ಪವೇ ಹಿಗ್ಗುತ್ತ ಕುಗ್ಗುತ್ತ ಇದೆ ಎಂಬ ವಾದ ಗೆಲ್ಲುತ್ತದೆ. 1990ರ ದಶಕದ ಆರಂಭದಲ್ಲಿ ಉಪಗ್ರಹ ಚಿತ್ರಗಳ ಮೇಲೆ ಹಿಮನದಿಗಳು ತಂದೊಟ್ಟಿ ನಂತರ ಸರಿದ ಕಲ್ಲುರಾಶಿಗಳನ್ನು ಅಳೆದು, ಅವುಗಳ ವಯಸ್ಸನ್ನು ಊಹಿಸಿ, ವರ್ಷಕ್ಕೆ 30 ಮಿ.ಮೀ.ಗೂ ಹೆಚ್ಚು ಎಂದು ಹೇಳಲಾಗಿತ್ತು. 2002ರಲ್ಲಿ ಇ.ಟಿ. ಬ್ರೌನ್ ಮತ್ತಿತರರು ಲಡಾಖ್‌ನಲ್ಲಿ 11ರಿಂದ 14 ಸಾವಿರ ವರ್ಷ ಹಳೆಯ, ಸರಿದುಹೋದ ಕೆಸರುಗಲ್ಲಿನ ರಾಶಿಗಳನ್ನು ಬೆರಿಲಿಯಂ-10ರಿಂದ ಅಳೆದು 4 ± 1 ಮಿ.ಮೀ. ಎಂದರು. ಮೂರೇ ವರ್ಷದಲ್ಲಿ ಮರಿ-ಲೂಸ್ ಶೆವಾಲಿಯೆ ಮತ್ತು ಸಂಗಡಿಗರು ನೈಋತ್ಯ ಟಿಬೆಟ್‌ನ ಮಣಿಕಾಲ ಹಿಮನದಿಯ ಬಾಯಲ್ಲಿ, ಸುಮಾರು ಒಂದೂವರೆ ಕಿಲೋಮೀಟರ್ ಸರಿದ, 1,40,000 ವರ್ಷದ ಕಲ್ಲುರಾಶಿಯಿಂದ 10.7 ± 0.7 ಮಿ.ಮೀ. ದರ ತೆಗೆದರು. ರಾಶಿಯ ಅತ್ಯಂತ ಹಳೆಯ ಬಂಡೆಯ ವಯಸ್ಸನ್ನು ನಂಬಬೇಕೋ ಎಲ್ಲ ಬಂಡೆಗಳ ಸರಾಸರಿಯನ್ನೋ ಎಂದು ಎರಡು ತಂಡಗಳು ಪತ್ರಿಕೆಯ ಪುಟಗಳಲ್ಲೇ ಎದುರುಬದುರಾದವು.

ಬೆಂಗಳೂರಿನ ಆಗಿನ ಸಿ-ಮ್ಯಾಕ್ಸ್ ಸಂಸ್ಥೆಯ ಶ್ರೀದೇವಿ ಜಾಡೆ, ವಿನೋದ್ ಗೌರ್ ಮತ್ತಿತರರು ಹಿಡಿದ ದಾರಿ ಬೇರೆ. ಲೇಹ್ ಮತ್ತು ಹಾನ್ಲೆಯಲ್ಲಿ ಸದಾ ಕೆಲಸ ಮಾಡುವ ಜಿಪಿಎಸ್ ಕೇಂದ್ರಗಳನ್ನಿಟ್ಟು, ಲಡಾಖ್‌ನ ಹಲವು ಬಿಂದುಗಳನ್ನು ಮತ್ತೆಮತ್ತೆ ಅಳೆದರು. ಹಾನ್ಲೆ ಎಂದರೆ ಭಾರತೀಯ ಖಭೌತ ಸಂಸ್ಥೆಯ ದೂರದರ್ಶಕ ಇರುವ, 4,500 ಮೀಟರ್ ಎತ್ತರದ ಅದೇ ಗುಡ್ಡ. 2004ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಕಾರಕೋರಂನ ಸರಿತ-ದರ 3.4 ± 5 ಮಿ.ಮೀ. ದೋಷಮಿತಿ ದರಕ್ಕಿಂತ ದೊಡ್ಡದು. ಸರಿತ ಸೊನ್ನೆಯೂ ಇರಬಹುದು ಎಂದು ಅಂಕಿಯೇ ಹೇಳುತ್ತದೆ. ಆದರೆ 30 ಮಿ.ಮೀ. ಎಂಬ ಹಳೆಯ ಅಂದಾಜಿಗೆ ಅಲ್ಲಿ ಜಾಗವಿರಲಿಲ್ಲ. ಇಲ್ಲಿ ಪಕ್ಷ ವಹಿಸಬೇಕಾದರೆ, ನಿಧಾನದ ವಾದಕ್ಕೇ ಸಾಕ್ಷಿ ಹೆಚ್ಚು ಗಟ್ಟಿ. ಶೆವಾಲಿಯೆಯ 10 ಮಿ.ಮೀ.ಯನ್ನು ಹಾಗೆಂದು ತಳ್ಳಿಹಾಕಲಾಗದು: ಜಿಪಿಎಸ್ ನೋಡುವುದು ಒಂದೆರಡು ದಶಕ, ಕಲ್ಲುರಾಶಿ ನೋಡುವುದು ಲಕ್ಷ ವರ್ಷ. ಸಾವಿರ ಕಿ.ಮೀ. ಹತ್ತಿರದ ಉದ್ದಕ್ಕೂ ಒಂದು ಸ್ತರಭಂಗ ಒಂದೇ ದರದಲ್ಲಿ, ಎಲ್ಲ ಕಾಲಕ್ಕೂ ಸರಿಯಬೇಕೆಂಬ ಕಟ್ಟಳೆಯೇನೂ ಇಲ್ಲ.

ಹಳ್ಳಕ್ಕಿಂತ ಪ್ರಾಮಾಣಿಕವಾದ ಸಾಕ್ಷಿ ಮನುಷ್ಯ ಕಟ್ಟಿದ್ದು. ಕಟ್ಟಿದ ವರ್ಷ ಗೊತ್ತಿರುತ್ತದೆ, ಕಟ್ಟುವಾಗ ನೆಟ್ಟಗಿತ್ತು ಎಂದೂ ಗೊತ್ತಿರುತ್ತದೆ. ದಕ್ಷಿಣ ಮ್ಯಾನ್ಮಾರ್‌ನಲ್ಲಿ ಬಗೋ ಹತ್ತಿರದ ಪಯಾಜಿ ಎಂಬಲ್ಲಿ 1574ರ ಕೋಟೆಯೊಂದರ ಗೋಡೆ ಸಗಾಯಿಂಗ್ ಸ್ತರಭಂಗವನ್ನು ದಾಟುತ್ತದೆ. ಆ ಗೋಡೆ ಸುಮಾರು 6 ಮೀಟರ್ ಬಲಕ್ಕೆ ಸರಿದಿದೆ. ಯು ವಾಂಗ್ ಮತ್ತಿತರರು 2011ರಲ್ಲಿ ಅದರಿಂದ ತೆಗೆದ ದರ ವರ್ಷಕ್ಕೆ 11ರಿಂದ 18 ಮಿ.ಮೀ. ಜೋರ್ಡಾನ್ ನದಿಯ ದಂಡೆಯಲ್ಲಿ 1178–79ರಲ್ಲಿ ಕ್ರುಸೇಡ್ ಯೋಧರು ಕಟ್ಟುತ್ತಿದ್ದ, ಮುಗಿಯುವ ಮೊದಲೇ ಸಲಾದಿನ್‌ನ ಸೇನೆ ಕೆಡವಿದ ಅತೆರೆತ್ ಕೋಟೆ ಮೃತಸಮುದ್ರ ಸ್ತರಭಂಗದ ಮೇಲೆಯೇ ನಿಂತಿದೆ. ಅದರ ಗೋಡೆಗಳು ಎಡಕ್ಕೆ 2.1 ಮೀಟರ್ ಸರಿದಿವೆ. ಹೆಚ್ಚಿನ ಪಾಲು 1202ರ ಭೂಕಂಪದ್ದು, ಉಳಿದದ್ದು 1759ರದ್ದು. ಸಿರಿಯಾದ ಅಲ್-ಹರೀಫ್‌ನಲ್ಲಿ ರೋಮನ್ನರ ಕಾಲದ ನೀರಿನ ಕಾಲುವೆ 13.6 ಮೀಟರ್ ಸರಿದಿರುವುದನ್ನು ಮುಸ್ತಫಾ ಮೆಘ್ರಾವಿ ಮತ್ತು ಸಂಗಡಿಗರು ಅಳೆದು ವರ್ಷಕ್ಕೆ 6.9 ಮಿ.ಮೀ. ಎಂದರು.

ಈ ಕಣ್ಣಿನಿಂದ ನೋಡಿದರೆ ಚಿತ್ರದುರ್ಗ ಸೀಮೆಯೇ ದಿನಾಂಕ ಹೊತ್ತ ಅಳತೆಗೋಲುಗಳ ನಾಡು. ಚಿತ್ರದುರ್ಗ ಮತ್ತು ದಾವಣಗೆರೆ ನಡುವೆ ಹೆದ್ದಾರಿಯ ಮಗ್ಗುಲಲ್ಲಿರುವ ಭರಮಸಾಗರದ ಕೆರೆಯನ್ನು 1689ರಿಂದ 1721ರವರೆಗೆ ಆಳಿದ ಭರಮಣ್ಣ ನಾಯಕನ ಹೆಸರಿನೊಂದಿಗೆ ನೆನೆಯುತ್ತಾರೆ. ಅಂದರೆ ಏರಿಗೆ ಸುಮಾರು 300 ವರ್ಷ. ಸಗಾಯಿಂಗ್‌ನಂಥ, ವರ್ಷಕ್ಕೆ 20 ಮಿ.ಮೀ. ಸರಿಯುವ ಸ್ತರಭಂಗ ಇಂಥ ಏರಿಯ ಕೆಳಗೆ ಹಾದಿದ್ದರೆ ಈ ಹೊತ್ತಿಗೆ ಏರಿ 6 ಮೀಟರ್ ತುಂಡಾಗಿರಬೇಕಿತ್ತು. ವರ್ಷಕ್ಕೆ 1 ಮಿ.ಮೀ. ಇದ್ದರೂ 30 ಸೆಂ.ಮೀ. ತೂಬಿನ ಕಲ್ಲು ಬಿರಿಯಲು ಅಷ್ಟು ಬೇಡ. ಕಗ್ಗಲ್ಲಿನ ಮೇಲೆ ನಿಂತ ಚಿತ್ರದುರ್ಗದ ಏಳುಸುತ್ತಿನ ಕೋಟೆಯ ಗೋಡೆಗಳು, ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಕೆತ್ತಿದ ಬಂಡೆ, 1898ರಲ್ಲಿ ಶುರುವಾಗಿ 1907ರಲ್ಲಿ ಮುಗಿದ ಮಾರಿಕಣಿವೆಯ ಕಲ್ಲಿನ ಅಣೆಕಟ್ಟು ಎಲ್ಲವೂ ಇದೇ ಬಗೆಯ ಗುರುತುಗಳು. ಏರಿಯನ್ನು ಅಳೆಯುವವರು ಮಾತ್ರ ಒಂದು ವಿಷಯ ಮರೆಯಬಾರದು: ಕೆರೆ ಒಡೆದಾಗಲೆಲ್ಲ ಏರಿಯನ್ನು ಮತ್ತೆ ಕಟ್ಟಿದ್ದಾರೆ, ಮತ್ತು ಮೊದಲಿನಿಂದಲೂ ನೆಲದ ಓಟ ನೋಡಿ ಬಾಗಿಸಿಯೇ ಕಟ್ಟಿದ ಏರಿಗಳು ಬಹಳ.

ಮಾರಿಕಣಿವೆ ಇನ್ನೊಂದು ಕಾರಣಕ್ಕೂ ಗಮನಾರ್ಹ. ಬಾಬಾಬುಡನ್ ಗಿರಿಗಳ ಕಡೆಯಿಂದ ಬರುವ ವೇದಾವತಿ ಇಲ್ಲಿ ಶಿಸ್ಟ್ ಪಟ್ಟಿಯ ಗುಡ್ಡಸಾಲನ್ನು ಅಡ್ಡಡ್ಡ ಕೊಯ್ದು ಹಿರಿಯೂರು ಬಯಲಿಗೆ ಇಳಿಯುತ್ತದೆ. ಆ ಇಕ್ಕಟ್ಟಾದ ಕಣಿವೆಗೇ ಅಣೆಕಟ್ಟು ಹಾಕಿದ್ದು. ನಕ್ಷೆ ನೋಡಿದರೆ ಇಂಥ ನದಿ ಗುಡ್ಡಸಾಲಿನ ಗುಂಟ ಸ್ವಲ್ಪ ದೂರ ತಿರುಗಿ, ಕಿಂಡಿ ಸಿಕ್ಕಲ್ಲಿ ದಾಟಿರುವುದು ಕಾಣುತ್ತದೆ. ಅನುಭವವಿಲ್ಲದ ಕಣ್ಣಿಗೆ ಇದು ವಾಲೇಸ್ ಕ್ರೀಕ್‌ನ ತಿರುವಿನಂತೆಯೇ. ಆದರೆ ಮೆತ್ತನೆಯ ಬಂಡೆಯ ಪಟ್ಟಿ ಸಿಕ್ಕಿದರೆ ನೀರು ಅದರ ಗುಂಟ ಹರಿಯುವುದು ಸಹಜ, ಸರಿತವೇ ಬೇಕಿಲ್ಲ. ನಿಜವಾದ ಸರಿತವಾದರೆ ಒಂದೇ ಗೆರೆಯ ಮೇಲಿನ ಹಲವಾರು ಹಳ್ಳಗಳು ಒಂದೇ ದಿಕ್ಕಿಗೆ ತಿರುಗಿರಬೇಕು, ಮತ್ತು ದೊಡ್ಡ ಹಳೆಯ ಹಳ್ಳ ಹೆಚ್ಚು, ಸಣ್ಣ ಹೊಸ ಹಳ್ಳ ಕಡಿಮೆ ಸರಿದಿರಬೇಕು. ಒಂದು ಎಡಕ್ಕೆ, ಮತ್ತೊಂದು ಬಲಕ್ಕೆ ತಿರುಗಿದ್ದರೆ ಅದು ಬಂಡೆಯ ಕಥೆ.

ಇಷ್ಟಾಗಿಯೂ ಪರ್ಯಾಯ ದ್ವೀಪದ ನೆಲ ಸತ್ತುಬಿದ್ದಿಲ್ಲ ಎಂದು ವಾದಿಸಿದ ಹಿರಿಯರಿದ್ದಾರೆ. ಭಾರತೀಯ ಭೂವೈಜ್ಞಾನಿಕ ಸಂಘವನ್ನು ಕಟ್ಟಿ ಬೆಳೆಸಿದ ಬಿ.ಪಿ. ರಾಧಾಕೃಷ್ಣ ಮೈಸೂರು ಪ್ರಸ್ಥಭೂಮಿ ತೀರ ಇತ್ತೀಚಿನ ಭೂಯುಗಗಳಲ್ಲಿ ಮೇಲೆದ್ದು ಅದರ ನದಿಗಳು ಮರುಜೀವ ಪಡೆದವು ಎಂದು ಬರೆದರು. ಮಂಗಳೂರು ವಿಶ್ವವಿದ್ಯಾಲಯದ ಕೆ.ಆರ್. ಸುಬ್ರಹ್ಮಣ್ಯ ಮೂಲ್ಕಿಯಿಂದ ಪುಲಿಕಾಟ್‌ವರೆಗೆ ನೆಲ ನಿಧಾನ ಏಳುತ್ತಿರುವ ಒಂದು ಅಕ್ಷವಿದೆ ಎಂದು 1990ರ ದಶಕದಲ್ಲಿ ಮಂಡಿಸಿದರು. ಬೆಂಗಳೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿದ್ದ ಕೆ.ಎಸ್. ವಾಲ್ದಿಯಾ ಕಾವೇರಿ ಕಣಿವೆ, ಬಿಳಿಗಿರಿರಂಗನ ಬೆಟ್ಟದ ಸುತ್ತಲಿನ ಜಲಪಾತ, ನಿಂತ ನೀರು, ಕಡಿದಾದ ಬೆಟ್ಟಮುಖಗಳನ್ನು ಪಟ್ಟಿ ಮಾಡಿ ಹಳೆಯ ಸ್ತರಭಂಗಗಳು ಮತ್ತೆ ಚಲಿಸಿವೆ ಎಂದರು. ಈ ವಾದಗಳಲ್ಲಿ ನೆಲರೂಪದ ಓದು ಸೂಕ್ಷ್ಮವಾಗಿದೆ. ಆದರೆ ಸರಿದ ದೂರವನ್ನು ಗೊತ್ತಾದ ವಯಸ್ಸಿನಿಂದ ಭಾಗಿಸಿದ ಅಂಕಿಯಲ್ಲಿ ಅವು ನಿಲ್ಲುವುದಿಲ್ಲ. ಹಾಗಾಗಿ ಅವನ್ನು ಸರಿತ-ದರದ ಪುರಾವೆಯಾಗಿ ಬಳಸುವುದು ಲೇಖಕರು ಹೇಳಿದ್ದಕ್ಕಿಂತ ಹೆಚ್ಚು ಹೇಳಿದಂತೆ.

ಪಕ್ಕದ ಮಹಾರಾಷ್ಟ್ರದಲ್ಲಿ ಎರಡು ಉದಾಹರಣೆಗಳು ಕಣ್ಣಮುಂದಿವೆ. 1967ರ ಡಿಸೆಂಬರ್ 11ರಂದು ಕೊಯ್ನಾದಲ್ಲಿ ಆದ 6.3ರ ಭೂಕಂಪ ಎಡಸರಿತದ್ದೇ. ಜಲಾಶಯ ತುಂಬತೊಡಗಿದ ಸುಮಾರು ಐದು ವರ್ಷಗಳಲ್ಲಿ ಬಂತು, ನೂರಾ ಎಂಬತ್ತರ ಹತ್ತಿರ ಜನ ಸತ್ತರು. ಅಲ್ಲಿ ಕೊರೆದ ಆಳದ ಕೊಳವೆಬಾವಿಗಳು ಸುಮಾರು 1.2 ಕಿ.ಮೀ. ದಪ್ಪದ ಕಪ್ಪುಕಲ್ಲನ್ನು ದಾಟಿ ತಲುಪಿದ್ದು ಗ್ರಾನೈಟ್ ಮತ್ತು ನೈಸ್ ಬಂಡೆಯನ್ನು, ಅಂದರೆ ಚಿತ್ರದುರ್ಗದ ಬಯಲಿನಲ್ಲಿ ಬೆಳಕಿಗೆ ಬಿದ್ದಿರುವಂಥ ತಳಗಲ್ಲನ್ನೇ. 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪದಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತರು. ಅದು ಒಂದು ಬದಿ ಇನ್ನೊಂದರ ಮೇಲೇರಿದ ಬಗೆಯದು, ಅಡ್ಡಸರಿತದ್ದಲ್ಲ. ಎರಡೂ ಕಡೆ ಮೊದಲೇ ನೆಲ ನೋಡಿ ‘ಇಲ್ಲಿ ಸರಿತವಿದೆ’ ಎಂದು ಹೇಳುವಂಥ ಗುರುತು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಕಾರಣ ಲೆಕ್ಕದಲ್ಲೇ ಇದೆ. ಹಳ್ಳವೊಂದು ಸರಿದಿದೆ ಎಂದು ನಂಬಿಕೆಯಿಂದ ಹೇಳಲು ಕನಿಷ್ಠ ಅದರ ಅಗಲದಷ್ಟು, ಐದು ಮೀಟರ್ ಎನ್ನೋಣ, ಸರಿತ ಬೇಕು. ಸ್ಯಾನ್ ಆಂಡ್ರಿಯಸ್‌ನ ವೇಗದಲ್ಲಿ ಅದಕ್ಕೆ 150 ವರ್ಷ ಸಾಕು. ವರ್ಷಕ್ಕೆ 0.01 ಮಿ.ಮೀ. ಸರಿಯುವ ಸ್ತರಭಂಗಕ್ಕೆ ಐದು ಲಕ್ಷ ವರ್ಷ. ಪ್ರಸ್ಥಭೂಮಿ ಹತ್ತು ಲಕ್ಷ ವರ್ಷಕ್ಕೆ ಬರೀ 10 ಮೀಟರ್ ಸವೆಯುತ್ತದೆ ಎಂದಿಟ್ಟುಕೊಂಡರೂ ಅಷ್ಟರಲ್ಲಿ ನೆಲ ಐದು ಮೀಟರ್ ಇಳಿದು, ಸರಿತ ತೋರಿಸಬೇಕಿದ್ದ ಹಳ್ಳವೇ ಅಳಿಸಿಹೋಗಿರುತ್ತದೆ. ಜಿಪಿಎಸ್ ಕೂಡ ಇಲ್ಲಿ ಹೆಚ್ಚು ನೆರವಾಗದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ 1990ರ ದಶಕದಿಂದ ಇರುವ ಕೇಂದ್ರ ಇಡೀ ಭಾರತ ಫಲಕ ವರ್ಷಕ್ಕೆ ಸುಮಾರು 5 ಸೆಂ.ಮೀ. ಈಶಾನ್ಯಕ್ಕೆ ಸಾಗುತ್ತಿರುವುದನ್ನು ಸ್ಪಷ್ಟವಾಗಿ ತೋರಿಸುತ್ತದೆ. ಆದರೆ ಪರ್ಯಾಯ ದ್ವೀಪದ ಒಂದು ಭಾಗ ಇನ್ನೊಂದರಿಂದ ಬೇರೆಯಾಗಿ ಸರಿಯುತ್ತಿದ್ದರೆ ಅದು ಅಳತೆಯ ದೋಷಮಿತಿಯೊಳಗೇ ಮುಳುಗಿಬಿಡುವಷ್ಟು ಸಣ್ಣದು.

ಹೀಗಾಗಿ ದಕ್ಷಿಣ ಭಾರತದ ಕೆಲಸ ಬೇರೆ ಹಾದಿ ಹಿಡಿಯುತ್ತದೆ. ಚಿತ್ರದುರ್ಗ ಜಿಲ್ಲೆ ಐಎಸ್ 1893 ಎಂಬ ಭಾರತೀಯ ಭೂಕಂಪ ಮಾನಕದ 2002ರ ನಕ್ಷೆಯಲ್ಲಿ ಕನಿಷ್ಠ ಅಪಾಯದ 2ನೇ ವಲಯದಲ್ಲಿತ್ತು. ಆ ವಲಯ ಗುರುತಿಸಲು ಸರಿತ-ದರ ಬಳಸಿಲ್ಲ, ಹಿಂದಿನ ಭೂಕಂಪಗಳ ದಾಖಲೆ ಮತ್ತು ಭೂರಚನೆಯನ್ನು ಬಳಸಿದ್ದಾರೆ. ಚಳ್ಳಕೆರೆ ತಾಲ್ಲೂಕಿನ ಕುದಾಪುರದ ಸುತ್ತ ಭಾರತೀಯ ವಿಜ್ಞಾನ ಸಂಸ್ಥೆ, ಭಾಭಾ ಪರಮಾಣು ಸಂಶೋಧನಾ ಕೇಂದ್ರ, ರಕ್ಷಣಾ ಸಂಶೋಧನಾ ಸಂಸ್ಥೆಗಳ ದೊಡ್ಡ ಆವರಣಗಳು ಎದ್ದಿರುವ ಈ ಕಾಲದಲ್ಲಿ, ಹಳೆಯ ಶಿಯರ್ ವಲಯದ ಯಾವುದಾದರೂ ಎಳೆ ಕಳೆದ ಲಕ್ಷ ವರ್ಷದಲ್ಲಿ ಅಲುಗಿದೆಯೇ ಎಂಬುದು ಬರೀ ಪುಸ್ತಕದ ಪ್ರಶ್ನೆಯಲ್ಲ. ಅದನ್ನು ಪರೀಕ್ಷಿಸುವ ಕ್ರಮ ಸರಳ, ಶ್ರಮ ಹೆಚ್ಚು: ಬಂಡೆಯ ಬಿರುಕು ಮೇಲಿನ ಮಣ್ಣು, ಸುಣ್ಣಗಲ್ಲಿನ ಗರಸು, ವೇದಾವತಿಯ ಹಳೆಯ ಮೆಕ್ಕಲಿನೊಳಕ್ಕೆ ಮುಂದುವರಿದಿದೆಯೇ ಎಂದು ಅಡ್ಡ ಕಂದಕ ತೋಡಿ ನೋಡುವುದು, ಪದರ ತುಂಡಾಗಿದ್ದರೆ ಲೂಮಿನೆಸೆನ್ಸ್‌ನಿಂದ ಅದರ ವಯಸ್ಸು ಹಿಡಿಯುವುದು, ತುಂಡಾಗಿಲ್ಲದಿದ್ದರೆ ಆ ಪದರದ ವಯಸ್ಸಿನಿಂದ ‘ಇಷ್ಟು ವರ್ಷದಿಂದ ಇಲ್ಲಿ ಸರಿತವಿಲ್ಲ’ ಎಂಬ ಮಿತಿ ಬರೆಯುವುದು.